ವೀರಭದ್ರಪ್ಪನ ಎರಡನೇ ಬ್ಯಾಟರಿ

ಏಪ್ರಿಲ್ ತಿಂಗಳ ಕೋಲ್ಕತ್ತದಲ್ಲಿ ಮೊಸರನ್ನು ನಂಬಿ ವ್ಯಾಪಾರ ಮಾಡುವವನಿಗೆ ಸಿಟ್ಟು ಬರುವುದಿಲ್ಲವೆಂದರೆ ಅವನು ಸಂತನಾಗಿರಬೇಕು, ಇಲ್ಲವೇ ಲೆಕ್ಕ ಬಾರದವನಾಗಿರಬೇಕು. ನಮ್ಮ ವೀರಭದ್ರಪ್ಪ ಎರಡೂ ಅಲ್ಲ. ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯ ಮನೆಯಲ್ಲಿ ಬೆಳಿಗ್ಗೆ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತಿದ್ದ ಮೊಸರು, ಅವನ ಸಣ್ಣ ಲಾರಿಯಲ್ಲಿ ಕೂತು ಸಾಲ್ಟ್ ಲೇಕಿನ ಕಂಪ್ಯೂಟರ್ ಕಂಪನಿಗಳನ್ನು ಮುಟ್ಟುವಷ್ಟರಲ್ಲಿ ಹುಳಿಯಾಗಿ, ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರ ಹಲ್ಲು ಜುಮ್ಮೆನಿಸುತ್ತಿತ್ತು. (ಬೈಪಾಸಿನ ಟ್ರಾಫಿಕ್ಕಿನಲ್ಲಿ ಮನುಷ್ಯರೇ ಹುಳಿಯಾಗುತ್ತಾರೆ, ಮೊಸರಿನ ಪಾಡೇನು.)

ಅಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಂಥದೊಂದು ಕಂಪನಿ, ಸೋಮವಾರ ಮೊಸರನ್ನ ತಂದು ರುಚಿ ತೋರಿಸಿ, ಒಪ್ಪಿಗೆಯಾದರೆ ವರ್ಷವಿಡೀ ನಮ್ಮ ಕ್ಯಾಂಟೀನು ನಿಮ್ಮದೇ ಎಂದಿತು. ವೀರಭದ್ರಪ್ಪ ಬ್ಯಾಟರಿಯ ಮೇಲೆ ಓಡುವ ಫ್ರಿಜ್ ಪೆಟ್ಟಿಗೆ ತಂದು ಲಾರಿಯ ಹಿಂದೆ ಕೂರಿಸಿದ. ಇರುವ ಒಂದೇ ಬ್ಯಾಟರಿಯನ್ನು ಅದು ಹೀರಿಬಿಟ್ಟರೆ ಲಾರಿಯೇ ಏಳದೆಂದು ಇನ್ನೊಂದು ಬ್ಯಾಟರಿಯನ್ನೂ ತಂದ; ಇಂಜಿನ್ ಓಡುವಾಗ ಅದೂ ತುಂಬಲೆಂದು ಎರಡರ ನಡುವೆ ತಂತಿ ಎಳೆಯಬೇಕಿತ್ತು. ಇಲ್ಲಿಯವರೆಗೆ ಬುದ್ಧಿ ನೆಟ್ಟಗಿತ್ತು. ಕೆಟ್ಟದ್ದು ಭಾನುವಾರ ಬೆಳಿಗ್ಗೆ, ಹೆಂಡತಿ ಚಂಪಾ ಬಾಯಿ ತೆರೆದಾಗ.

“ಎರಡೂ ಬ್ಯಾಟರಿಗಿ ಫ್ಯೂಸ್ ಹಾಕ್ರಿ. ನಮ್ಮಪ್ಪ ಹೇಳ್ತಿದ್ದ...”

ಚಂಪಾಳ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ವೈರಿಂಗ್ ಮಾಡಿ ನಿವೃತ್ತನಾದವನು. ‘ನಮ್ಮಪ್ಪ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ವೀರಭದ್ರಪ್ಪನ ಮೂಗಿನ ತುದಿ ಕೆಂಪಾಗುತ್ತಿತ್ತು.

“ನಿಮ್ಮಪ್ಪಂದು ರೈಲು. ನಂದು ಮೊಸರಿನ ಗಾಡಿ.”

“ಬೆಂಕಿಗೆ ಎರಡೂ ಒಂದ ರೀ. ಪ್ಲಸ್ಸಿನಿಂದ ಗೇಣಿನೊಳಗ ಒಂದೊಂದು ಫ್ಯೂಸ್ ಇರಬೇಕು.”

“ಒಂದೊಂದು ಅಂದ್ರ ಎರಡಾತು. ಯಾಕ, ಒಂದ ಫ್ಯೂಸಿಗಿ ಒಂಟಿ ಇರಾಕ ಬ್ಯಾಸರೇನು?”

“ನಡುವಿನ ತಂತಿಗಿ ಎರಡೂ ಕಡಿಂದ ಕರೆಂಟ್ ಬರತೈತಿ. ಮುಂಬಾಗಲಾ ಹಾಕಿ ಹಿತ್ತಲಬಾಗಲಾ ತಗದ ಮಲಗಿದ್ರ ಕಳ್ಳ ಸುಮ್ಮ ಹೊಳ್ಳಿ ಹೋಗ್ತಾನೇನು?”

ವಾದದಲ್ಲಿ ಸೋತಾಗ ವೀರಭದ್ರಪ್ಪ ವ್ಯಾಪಾರಶಾಸ್ತ್ರಕ್ಕೆ ಇಳಿಯುತ್ತಿದ್ದ. ಸುಟ್ಟುಹೋಗುವುದೇ ತನ್ನ ಘನಕಾರ್ಯವೆಂದು ಒಪ್ಪಿಕೊಂಡು ಮಾರಾಟಕ್ಕೆ ಕೂರುವ ಸಾಮಾನು ಜಗತ್ತಿನಲ್ಲಿ ಎರಡೇ: ಊದುಬತ್ತಿ ಮತ್ತು ಫ್ಯೂಸು. ಊದುಬತ್ತಿ ವಾಸನೆಯನ್ನಾದರೂ ಕೊಡುತ್ತದೆ. ಫ್ಯೂಸನ್ನು ಕೊಳ್ಳುವವನು ವ್ಯಾಪಾರಿಯಲ್ಲ, ಅಳಿಯ.

ಹಾಗೆಂದು ಸಾರಿ, ಲಾರಿಯ ತಗಡಿಗೆ ತೂತು ಕೊರೆದು ತಂತಿ ತೂರಿಸಿದ.

“ಆ ತೂತಿಗೆ ರಬ್ಬರಿನ ಬಳಿ ಹಾಕ್ರಿ, ತಗಡು ತಂತಿ ಕೊಯ್ತೈತಿ.”

“ಬಳಿ ನೀ ಹಾಕ್ಕೋ,” ಎಂದು ತಂತಿಯನ್ನು ಜೋರಾಗಿ ಜಗ್ಗಿದ. ತಗಡಿನ ಅಂಚು ಅದರ ಚರ್ಮ ಸುಲಿಯಿತು. ಬ್ಯಾಟರಿಗೆ ಸಿಕ್ಕಿಸಿದ್ದೇ ತಡ, ಚಟಾರೆಂದು ನೀಲಿ ಕಿಡಿ ಹಾರಿ, ತಂತಿ ಕೆಂಪಗೆ ಕಾದು, ದಟ್ಟ ಹೊಗೆ ಎದ್ದಿತು. ಫ್ಯೂಸಿದ್ದರೆ ಅದು ಸಾಯುತ್ತಿತ್ತು. ಇಲ್ಲವಾದ್ದರಿಂದ ತಂತಿ ಸಾಯತೊಡಗಿತು, ಅದರ ಹಿಂದೆ ಲಾರಿ ಸರದಿಯಲ್ಲಿ ನಿಂತಿತ್ತು. ಗಂಡ ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡು ಕುಣಿಯುತ್ತಿರುವಾಗ ಚಂಪಾ ಪೊರಕೆಯ ಕೋಲಿನಿಂದ ಬ್ಯಾಟರಿಗೆ ಕಚ್ಚಿದ್ದ ತಂತಿಯ ಕ್ಲಿಪ್ಪನ್ನು ಹೊಡೆದು ಬಿಡಿಸಿದಳು.

“ಯಾರೋ ರೊಟ್ಟಿ ಸೀಸ್ಯಾರ ನೋಡ್ರೆವಾ,” ಎಂದಳು ಬಾಲ್ಕನಿಯಿಂದ ವೀರಭದ್ರಪ್ಪನ ತಾಯಿ.

“ತಂತೀನ ಖೊಟ್ಟಿ,” ಎಂದು ಅಬ್ಬರಿಸಿದ ವೀರಭದ್ರಪ್ಪ. “ಅಂಗಡಿಯಂವ ಕಳ್ಳ. ನಿಮ್ಮಪ್ಪನ ಹೆಸರು ತಗೊಂಡಿ ನೋಡು, ಅದಕ್ಕ ಹಿಂಗಾತು. ಅಷ್ಟ ಶಾಣ್ಯಾಕಿ ಇದ್ರ ನೀನ ಮಾಡ್ಕೋ.” ಕೈಯಲ್ಲಿದ್ದ ಸ್ಪ್ಯಾನರ್ ಎಸೆದು, ಬಚ್ಚಲಿಗೆ ಹೋಗಿ ಬಾಗಿಲು ಬಡಿದುಕೊಂಡ.

ಚಂಪಾ ಖಿದಿರ್‌ಪುರದ ಬಿಡಿಭಾಗದ ಅಂಗಡಿಗೆ ಹೋಗಿ ದಪ್ಪ ತಂತಿ, ಎರಡು ಫ್ಯೂಸು, ಒಂದು ರಿಲೇ, ರಬ್ಬರಿನ ಬಳೆ ತಂದಳು. ಮೊದಲು ಎರಡೂ ಬ್ಯಾಟರಿಯ ಮೈನಸ್ ತಂತಿಗಳನ್ನು ಬಿಚ್ಚಿದಳು, ಕೆಲಸ ಮುಗಿದ ಮೇಲೆ ಕಡೆಗೆ ಅವನ್ನೇ ಕೂಡಿಸಿದಳು. ಬ್ಯಾಟರಿ ಕುಣಿಯದಂತೆ ಪಟ್ಟಿ ಬಿಗಿದಳು. ಸಂಜೆ ಫ್ರಿಜ್ ಗುಂಯ್ ಎನ್ನತೊಡಗಿತು. ಯಾರೂ ನೋಡದಾಗ ವೀರಭದ್ರಪ್ಪ ಒಳಗೆ ಕೈಯಿಟ್ಟು ನೋಡಿದ. ತಣ್ಣಗಿತ್ತು. ಅದಕ್ಕೂ ಸಿಟ್ಟು ಬಂತು.

ಸೋಮವಾರ ಕಂಪನಿಯ ಗೇಟಿನಲ್ಲಿ ಲಾರಿ ನಿಂತಿತು. ಚಂಪಾ ಹಿಂದೆ, ಅನ್ನದ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೇಫ್ಟಿ ಅಧಿಕಾರಿ ಬದರಿನಾಥ, ಸೈನ್ಯದಿಂದ ಬಂದ ದಪ್ಪ ಮೀಸೆಯ ಮನುಷ್ಯ, ಟಾರ್ಚು ಹಾಕಿ ಎರಡು ಬ್ಯಾಟರಿಗಳನ್ನು ನೋಡಿ ಹಿಂದಿಯಲ್ಲಿ, “ಚೊಕ್ಕ ಕೆಲಸ. ಮಾಡಿದ್ದು ಯಾರು?” ಎಂದ.

ಹೊಗಳಿಕೆಯ ವಾಸನೆ ಬಂದರೆ ವೀರಭದ್ರಪ್ಪ ತಡೆಯಲಾರ. “ನಾನೇ,” ಎಂದ.

“ಈ ಫ್ಯೂಸು ಇಷ್ಟೇ ಅಳತೆಯದು ಯಾಕೆ?”

“ದೊಡ್ಡದು ಅಂಗಡಿಯಲ್ಲಿ ಖಾಲಿಯಾಗಿತ್ತು. ಮುಂದಿನ ಸಲ ದೊಡ್ಡದೇ ಹಾಕುತ್ತೇನೆ.”

ಮೀಸೆ ಜೋತುಬಿತ್ತು. “ಇಂಜಿನ್ ನಿಲ್ಲಿಸಿ ದಿನವಿಡೀ ಫ್ರಿಜ್ ಓಡಿಸಿದರೆ ಸಂಜೆ ಲಾರಿ ಹೇಗೆ ಸ್ಟಾರ್ಟ್ ಆಗುತ್ತದೆ?”

“ತಳ್ಳುತ್ತೇವೆ.”

“ಈಗಲೇ ತಳ್ಳಿ. ಗೇಟಿನಿಂದಾಚೆಗೆ.”

ವರ್ಷದ ಕ್ಯಾಂಟೀನು ಕಣ್ಣೆದುರೇ ಹಿಮ್ಮುಖವಾಗಿ ಚಲಿಸತೊಡಗಿತು. ಆಗ ಹಿಂದಿನಿಂದ, ಹುಬ್ಬಳ್ಳಿಯ ಉಚ್ಚಾರದ ಹಿಂದಿಯಲ್ಲಿ ದನಿ ಬಂತು. “ಫ್ಯೂಸು ತಂತಿಯನ್ನು ಕಾಯಲಿಕ್ಕೆ ಸಾಹೇಬರೇ. ತಂತಿ ಎಷ್ಟು ತಾಳುತ್ತದೋ ಅದಕ್ಕಿಂತ ದೊಡ್ಡದು ಹಾಕಿದರೆ ಫ್ಯೂಸು ಉಳಿದು ತಂತಿ ಸುಡುತ್ತದೆ. ಇಂಜಿನ್ ಓಡುವಾಗ ರಿಲೇ ಎರಡೂ ಬ್ಯಾಟರಿಯನ್ನು ಕೂಡಿಸುತ್ತದೆ, ನಿಂತಾಗ ಬೇರೆ ಮಾಡುತ್ತದೆ. ಫ್ರಿಜ್ ತನ್ನ ಬ್ಯಾಟರಿಯನ್ನು ಮಾತ್ರ ತಿನ್ನುತ್ತದೆ.”

ಬದರಿನಾಥ ವೀರಭದ್ರಪ್ಪನತ್ತ ತಿರುಗಿ ನೋಡಲೂ ಇಲ್ಲ. ಲಾರಿ ಒಳಗೆ ಹೋಯಿತು. ತಣ್ಣನೆಯ ಮೊಸರನ್ನ ತಿಂದ ಕಂಪನಿ ಅಲ್ಲೇ ಒಪ್ಪಿಗೆ ಕೊಟ್ಟಿತು. ಆದರೆ ನಿಯಮವೊಂದಿತ್ತು: ಎರಡು ಬ್ಯಾಟರಿಯ ಗಾಡಿ ಒಳಬರಬೇಕಾದರೆ ವೈರಿಂಗ್ ಮಾಡಿದವರು ಜೊತೆಗಿರಬೇಕು. ಚಂಪಾಳ ಕೊರಳಿಗೆ ‘ಟೆಕ್ನಿಕಲ್ ಇನ್‌ಚಾರ್ಜ್’ ಎಂಬ ಬ್ಯಾಡ್ಜು ಬಿತ್ತು.

“ನಾನು ಮಾಲೀಕ,” ಎಂದು ಗುಡುಗಿದ ವೀರಭದ್ರಪ್ಪ.

“ಮಾಲೀಕರಿಗೆ ಬ್ಯಾಡ್ಜಿಲ್ಲ. ಇನ್‌ಚಾರ್ಜ್ ಇದೆ, ಹೆಲ್ಪರ್ ಇದೆ,” ಎಂದು ಬದರಿನಾಥ ಎರಡನೆಯದನ್ನು ಅವನ ಕೊರಳಿಗೆ ತಾನೇ ಹಾಕಿದ.

ಮನೆಯಲ್ಲಿ ತಾಯಿ ಬ್ಯಾಡ್ಜನ್ನು ಮುಟ್ಟಿ ಮುಟ್ಟಿ ನೋಡಿ ಕೇಳಿದಳು. “ಹೆಲ್ಪರ್ ಅಂದ್ರೇನೋ?”

“ದೊಡ್ಡ ಹುದ್ದೆ,” ಎಂದ ಹಲ್ಲು ಕಡಿಯುತ್ತ.

ಬಸವ ಜಯಂತಿಗೆ ಕೋಲ್ಕತ್ತದ ಕನ್ನಡಿಗರೆಲ್ಲ ಕೂಡಿದ್ದರು. ಪ್ರಸಾದಕ್ಕೆ ಕೂತ ಪಂಕ್ತಿಯ ನಡುವೆ ತಾಯಿ ಹೆಮ್ಮೆಯಿಂದ ದನಿಯೆತ್ತಿದಳು. “ನಮ್ಮ ವೀರಭದ್ರ ಕಂಪ್ಯೂಟರ್ ಕಂಪನ್ಯಾಗ ಹೆಲ್ಪರ್ ಆಗ್ಯಾನ್ರೆಪಾ.”

ಪಂಕ್ತಿಯಲ್ಲಿ ಮುಕ್ಕಾಲು ಪಾಲು ರೈಲ್ವೆಯವರು. ಹೆಲ್ಪರ್ ಅಂದರೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎದುರಿಗಿದ್ದ ನಿವೃತ್ತ ಫೋರ್‌ಮನ್ ರಾಮಕೃಷ್ಣ ಹೋಳಿಗೆಯನ್ನು ಎಲೆಗೆ ಇಳಿಸಿ, ಬಹಳ ಕನಿಕರದಿಂದ ಹೇಳಿದರು. “ಮನಸಿಗಿ ಹಚ್ಕೋಬ್ಯಾಡ ತಮ್ಮಾ. ನಾನೂ ಅಲ್ಲಿಂದನ ಶುರು ಮಾಡಿದಂವ. ಮ್ಯಾಲಿನವರ ಮಾತು ಕೇಳ್ಕೊಂಡಿದ್ರ ಫಿಟ್ಟರ್ ಆಗ್ತಿ.”