ಕೆಂಗಣ್ಣು ಕೊಟ್ಟ ಸೀಟು

ರೋಗ ಬಂದಾಗ ದುಃಖಪಡಬೇಕೆಂಬುದು ಲೋಕದ ರೂಢಿ. ನನಗೆ ಮಾತ್ರ ಎಡಗಣ್ಣು ಕೆಂಪಾದಾಗ ಒಳಗೊಳಗೇ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ಬಸವಕಲ್ಯಾಣದಿಂದ ಹುಮನಾಬಾದಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಜೀವಶಾಸ್ತ್ರದ ಮಾಸ್ತರ ನಾನು. ವರ್ಷಗಟ್ಟಲೆ ನಿಂತೇ ಹೋಗಿದ್ದೆ. ಈಗ ನಾನು ಹತ್ತಿದ ಕೂಡಲೇ, "ಅಯ್ಯ, ಸರ್‌ಗ ಕಣ್ ಬಂದಾವ, ಸರಿರೆಪ್ಪಾ!" ಎಂದು ಕುಳಿತವರೇ ಎದ್ದು ಹೋಗುತ್ತಿದ್ದರು. ಇದು ಅಂಟುವ ರೋಗವಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕಿಟಕಿ ಪಕ್ಕ ಕಾಲು ಚಾಚಿ ಕುಳಿತೆ.

ಅಸಲಿಗೆ ಅದು ಯುವಿಯೈಟಿಸ್, ಕಣ್ಣಿನೊಳಗಿನ ಉರಿಯೂತ. ನನ್ನ ವಿಷಯದಲ್ಲಿ, ಮೈ ಕಾಯಬೇಕಾದ ರಕ್ಷಣಾ ಪಡೆಯೇ ಕಣ್ಣಿನ ಮೇಲೆ ಬಿದ್ದಿತ್ತು. ಡಾಕ್ಟರು ಹನಿ ಔಷಧಿ ಕೊಟ್ಟು, ತಪ್ಪಿಸಬೇಡಿ ಎಂದಿದ್ದರು. ನಾನೋ ಹನಿ ಹಾಕುವುದನ್ನು ಬಿಟ್ಟು ಮೊಬೈಲಿನಲ್ಲಿ ರೋಗದ ಮೂಲ ಹುಡುಕಿದೆ. ಸಿಕ್ಕಿದ್ದು ಮೈಕ್ರೋ ಆರ್‌ಎನ್‌ಎ. ಆಹಾ! ಹೆಂಡತಿ ಶಾಂತಾಬಾಯಿ ರೊಟ್ಟಿ ಬಡಿಯುತ್ತಿದ್ದಾಗ ಪಾಠ ಶುರು ಮಾಡಿದೆ.

"ಜೀನಿಂದ ಆರ್ಡರ್ ಹೊಂಟಿರ್ತದ. ಈ ಸಣ್ಣ ಆರ್‌ಎನ್‌ಎ ನಡುದಾರ್‍ಯಾಗ ಅದನ್ನ ತಡೀತದ. ಇವುಗಳ ಹದ ತಪ್ಪಿದ್ರ ಪಡೆಗೆ ಹುಚ್ಚು ಹಿಡೀಬಹುದು. ಸಂಶೋಧನಾ ಇನ್ನೂ ನಡದದ."

"ಅದು ನಡೀಲಿ. ಇವತ್ತ ಹನಿ ಹಾಕ್ಕೊಂಡ್ರೇನು?"

"ಹೂಂ."

"ವಾರ ಆತು, ಬಾಟ್ಲಿ ತುಂಬೇ ಅದ. ಅದರಾಗ ಬಾಂವಿ ತೋಡೀರೇನು?"

ನನಗೆ ಸಿಟ್ಟು ಬಂತು. ವಿಜ್ಞಾನ ಹೇಳುವಾಗ ಬಾಟಲಿಯ ಮಾತೇ? ನಿಜ ಹೇಳಲೂ ಆಗದು. ಹನಿ ಹಾಕಿದರೆ ಕೆಂಪು ಇಳಿಯುತ್ತದೆ, ಕೆಂಪು ಇಳಿದರೆ ಸೀಟು ಹೋಗುತ್ತದೆ.

ಹತ್ತನೆಯ ದಿನ ಪಾಠ ಮಾಡುವಾಗ ಹಲಗೆಯ ಅಕ್ಷರಗಳು ಮಂಜಾದವು. ಬಲಗಣ್ಣು ಮುಚ್ಚಿ ನೋಡಿದೆ. ಮೊದಲ ಬೆಂಚಿನವರ ಮುಖವೂ ಕಾಣಲಿಲ್ಲ. ಹೆದರಿದೆ, ನಿಜಕ್ಕೂ ಹೆದರಿದೆ. ಮನೆಗೆ ಬಂದು ಹೇಳಿದ ಕೂಡಲೇ ಶಾಂತಾ ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು.

ಅವರು ದೀಪ ಬಿಟ್ಟು ನೋಡಿ, "ಪಾಪೆ ಅಂಚು ಹಿಂದಿನ ಮಸೂರಕ್ಕ ಅಂಟಾಕತ್ತದ. ಇನ್ನೊಂದಿಷ್ಟು ದಿನ ಬಿಟ್ಟಿದ್ರ ಈ ಕಣ್ಣಿನ ಆಸೆ ಬಿಡಬೇಕಿತ್ತು. ಇನ್ಮ್ಯಾಲಾದ್ರೂ ತಪ್ಪಿಸದಂಗ ಹಾಕ್ರಿ, ಉಳೀತದ" ಎಂದರು. ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು, ರಕ್ಷಣಾ ಪಡೆ ಎಂದರೇನು ಎಂದು ಚಿಕ್ಕ ಮಗುವಿಗೆ ಹೇಳುವಂತೆ ತಿಳಿಸತೊಡಗಿದರು. ನಡುವೆ ಕೇಳಿದರು, "ಕಾಲೇಜಿನ್ಯಾಗ ಯಾವ ವಿಷಯ ಹೇಳ್ತೀರಿ ಸರ್?"

ಗಂಟಲು ಸರಿಮಾಡಿಕೊಂಡು, "ಇತಿಹಾಸ್ರಿ" ಎಂದೆ.

ಮದುವೆಯಾದಾಗಿನಿಂದ ನನ್ನ ಒಂದು ಸುಳ್ಳನ್ನೂ ಸುಮ್ಮನೆ ಬಿಡದ ಶಾಂತಾ ನೆಲ ನೋಡುತ್ತ, "ಹೌದ್ರಿ, ಇತಿಹಾಸ" ಎಂದಳು.