ಅರ್ಧ ಇಂಚು ಹೊಲಿಗೆಗೆ ಬಿಟ್ಟ ಇಂಜಿನ್ ಗೂಡು

ಮಾನ್ಯ ಸಹಾಯಕ ಇಂಜಿನಿಯರ್ ಸಾಹೇಬರಿಗೆ,
ಕೆರೆವಿಹಾರ ದೋಣಿಗಳ ಉಪವಿಭಾಗ, ರಾಯದುರ್ಗ.

ಮಾನ್ಯರೇ,

ತಾವು, ತಮ್ಮ ಕುಟುಂಬದವರು, ತಮ್ಮ ಕಚೇರಿಯ ಫ್ಯಾನು, ಮತ್ತು ಆ ಫ್ಯಾನಿನ ಗಾಳಿಗೆ ನನ್ನ ಮೂರು ಅರ್ಜಿಗಳು ಹಾರಿಹೋಗದಂತೆ ಅವುಗಳ ಮೇಲೆ ಕುಳಿತಿರುವ ಗಾಜಿನ ಗುಂಡು, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕಣೇಕಲ್ಲು ಕೆರೆಯಲ್ಲಿ ಪ್ರವಾಸಿಗರ ಮೋಟಾರು ದೋಣಿಯನ್ನು ಹನ್ನೊಂದು ವರ್ಷಗಳಿಂದ ನಡೆಸುತ್ತಿರುವ ಓಬುಲೇಶ್ ಎಂಬ ನಾನು ಆ ಮೂರನ್ನೂ ತೆಲುಗಿನಲ್ಲಿ, ನಿಯಮದ ಪ್ರಕಾರ ಬರೆದಿದ್ದೆ. ತಮ್ಮ ಮನೆಮಾತು ಕನ್ನಡವೆಂದು ಇತ್ತೀಚೆಗೆ ತಿಳಿದುಬಂದದ್ದರಿಂದ ನಾಲ್ಕನೆಯದನ್ನು ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ದೋಣಿಗೆ ಕಾಗದದಲ್ಲಿ 'ಜಲಮಯೂರಿ' ಎಂದು ಹೆಸರಿದ್ದರೂ ಊರಿನವರು ಕರೆಯುವುದು ಗಿರಣಿ ಎಂದು. ದಡದಲ್ಲಿ ಶೇಂಗಾ ಮಾರುವ ಅಂಬಮ್ಮನವರು ದೋಣಿ ಇನ್ನೂ ಕೆರೆಯ ನಡುವೆ ಇರುವಾಗಲೇ "ಗಿರಣಿ ಬಂತ್ರಿ, ಜೋಳ ಇದ್ರ ತರ್ರಿ" ಎಂದು ಪ್ರವಾಸಿಗರನ್ನು ಎಬ್ಬಿಸುತ್ತಾರೆ. ಇದರಲ್ಲಿ ಅವರ ತಪ್ಪಿಲ್ಲ. ಇಂಜಿನ್ನು ಕೂತಿರುವ ಗೂಡಿನ ಒಳಗೋಡೆಗೆ ಸದ್ದು ಹೀರಲೆಂದು ಅಂಟಿಸಿದ್ದ ಫೋಮು, ಸದ್ದನ್ನು ಬಿಟ್ಟು ಡೀಸೆಲ್ ಹೀರುವ ಚಟಕ್ಕೆ ಬಿದ್ದು, ಮಳೆಗೆ ಸಿಕ್ಕ ಬೆಲ್ಲದಂತೆ ಕರಗಿ, ತುಂಡುತುಂಡಾಗಿ ಬೆಲ್ಟಿನ ಮೇಲೆ ಉದುರುತ್ತಿತ್ತು. ನನ್ನ ಸೀಟು ಆ ಗೂಡಿಗೆ ತಾಗಿ ಬಲಕ್ಕಿರುವುದರಿಂದ ಇಂಜಿನ್ನು ಏನೇ ಹೇಳಿದರೂ ಮೊದಲು ಕೇಳಿಸಿಕೊಳ್ಳುವ ಭಾಗ್ಯ ನನ್ನ ಎಡಗಿವಿಗೆ ಸಲ್ಲುತ್ತಿತ್ತು.

ಮೊದಲ ಅರ್ಜಿಗೆ ತಾವು ಖುದ್ದಾಗಿ ದಯಮಾಡಿಸಿದಿರಿ ಎಂಬುದನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಲೈಫ್ ಜಾಕೆಟ್ ತೊಡದೆ ಇಂಜಿನ್ ಚಾಲೂ ಮಾಡಬಾರದೆಂದು ನಿಯಮ, ಅಂದು ದೋಣಿಗೆ ರಜೆಯಾದ್ದರಿಂದ ಜಾಕೆಟ್ಟುಗಳು ಸ್ಟೋರಿನಲ್ಲಿ, ಸ್ಟೋರಿನ ಬೀಗದ ಕೈ ತಮ್ಮ ಕಚೇರಿಯಲ್ಲಿ. ಹೀಗಾಗಿ ತಾವು ದಡಕ್ಕೆ ಕಟ್ಟಿದ್ದ ದೋಣಿಯಲ್ಲಿ, ಸುಮ್ಮನಿದ್ದ ಇಂಜಿನ್ನಿನ ಎದುರು, ಕೈ ಕಟ್ಟಿಕೊಂಡು ಐದು ನಿಮಿಷ ನಿಂತು, 'ಪರಿಶೀಲಿಸಲಾಗಿ ಶಬ್ದ ಕಂಡುಬಂದಿಲ್ಲ' ಎಂದು ಬರೆದಿರಿ. ಸತ್ಯವಾದ ಮಾತು. ಶಬ್ದವನ್ನು ಕಂಡವರು ನಮ್ಮ ಮಂಡಲದಲ್ಲೂ ಯಾರೂ ಇಲ್ಲ.

ಎರಡನೆಯ ಅರ್ಜಿ ತಮ್ಮ ಹೃದಯವನ್ನು ಮುಟ್ಟಿತು. ಬಳ್ಳಾರಿಯಿಂದ ಎರಡು ಇಂಚು ದಪ್ಪದ, ಬೆಂಕಿ ತಗುಲದ, ಒಂದು ಮುಖಕ್ಕೆ ಬೆಳ್ಳಿಯಂಥ ಹಾಳೆ ಹಚ್ಚಿದ ಫೋಮಿನ ಸುರುಳಿ ಬಂತು. ಅದನ್ನು ಕತ್ತರಿಸುವವರು ಯಾರೆಂದು ನಾನು ಕೇಳಿದ್ದಕ್ಕೆ ತಾವು ಫೋನಿನಲ್ಲಿ "ರಾಯದುರ್ಗದಾಗ ಕತ್ತರಿ ಹಿಡಿಯೋರಿಗೆ ಬರ ಐತೇನಪ್ಪ?" ಎಂದಿರಿ. ಇಡೀ ಊರೇ ಜೀನ್ಸ್ ಹೊಲಿಯುತ್ತಿರುವಾಗ ಬರವೆಲ್ಲಿಂದ ಬರಬೇಕು? ಹಳೆಯ ಫೋಮನ್ನು ಬಾಣಲಿ ಕೆರೆಯುವ ತಗಡಿನಿಂದ ಎರಡು ದಿನ ಕೆರೆದು, ಗೂಡಿನ ಒಳ ಅಳತೆಯನ್ನು ಬರೆದುಕೊಂಡು, ಸುರುಳಿಯನ್ನು ಆಟೋದಲ್ಲಿ ಹಾಕಿಕೊಂಡು, ಇಪ್ಪತ್ತು ವರ್ಷಗಳಿಂದ ಪ್ಯಾಂಟಿನ ಕಟಿಂಗ್ ಮಾಡುವ ಹನುಮಂತು ಮಾಸ್ಟರರ ಬಳಿಗೆ ಹೋದೆ. ಅವರು ಫೋಮನ್ನು ಮುಟ್ಟಿ ನೋಡಿ, ಚಾಕ್‌ಪೀಸಿನಿಂದ ಗೆರೆ ಎಳೆದು, ನನ್ನ ಕಣ್ಣೆದುರೇ ಐದು ತುಂಡು ಮಾಡಿದರು. ಅಂಥ ನೇರವಾದ ಅಂಚನ್ನು ನಾನು ಸರ್ಕಾರಿ ರಸ್ತೆಯಲ್ಲೂ ಕಂಡಿಲ್ಲ.

ಗೂಡಿಗೆ ಕೂರಿಸುವಾಗ ಗೊತ್ತಾಯಿತು, ಪ್ರತಿ ತುಂಡೂ ಸುತ್ತಲೂ ಅರ್ಧ ಇಂಚು ದೊಡ್ಡದು. ನಾಲ್ಕು ಗೋಡೆಯವು ಅಂಚಿನ ಮೇಲೆ ತಲೆ ಎತ್ತಿ ನಿಂತವು, ಮುಚ್ಚಳದ್ದು ಅವುಗಳ ನಡುವೆ ಇಳಿಯಲೇ ಇಲ್ಲ. ಮತ್ತೆ ರಾಯದುರ್ಗಕ್ಕೆ ಓಡಿಹೋಗಿ ಮಾಸ್ಟರರನ್ನು ಕೇಳಿದರೆ, ಅವರು ನನ್ನನ್ನು ಕನಿಕರದಿಂದ ನೋಡಿ, "ಹೊಲಿಗಿಗೆ ಬಿಡದೆ ಕಟಿಂಗ್ ಮಾಡಿದ್ರ ಮಂದಿ ಉಗೀತಾರ್ರಿ ನನಗ. ಹೊಲಿಗಿ ಇಲ್ಲ ಅಂತ ನೀವ್ಯಾಕ ಹೇಳಲಿಲ್ಲ?" ಎಂದರು. ಕೈ ಇಪ್ಪತ್ತು ವರ್ಷ ಬಿಟ್ಟ ಅರ್ಧ ಇಂಚನ್ನು ಇಪ್ಪತ್ತೊಂದನೆಯ ವರ್ಷವೂ ಬಿಟ್ಟಿತು.

ಅರ್ಧ ಇಂಚನ್ನು ಕತ್ತರಿಸಿ ಎಸೆದರೆ ಮುಗಿಯಿತೆಂದು ತಿಳಿದ ನನ್ನ ಅಜ್ಞಾನವನ್ನು ತಾವು ಮನ್ನಿಸಬೇಕು. ಅಷ್ಟರಲ್ಲಿ ತಮ್ಮ ಕಚೇರಿಯ ಗುಮಾಸ್ತರಾದ ಗೋವರ್ಧನ್ ಅವರು ಬಂದು ಐದೂ ತುಂಡುಗಳ ಅಳತೆಯನ್ನು, ಅರ್ಧ ಇಂಚಿನ ಸಮೇತ, ಅಳತೆ ಪುಸ್ತಕಕ್ಕೆ ಏರಿಸಿ ಹೋಗಿದ್ದರು. ಪುಸ್ತಕಕ್ಕೆ ಏರಿದ ಸರ್ಕಾರಿ ವಸ್ತುವಿಗೆ ಮರು ತಪಾಸಣೆಯಿಲ್ಲದೆ ಕತ್ತರಿ ಹಾಕಿದರೆ ಅದು ಹಾನಿ. ಹಾನಿ ಮಾಡಿದವನು ಮನೆಗೆ. ಅಪ್ಪಣೆ ಕೋರಿ ಮೂರನೆಯ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳೂ ಮುಚ್ಚಳ ಎರಡು ಬೆರಳು ಬಾಯಿ ತೆರೆದೇ ಇತ್ತು, ಮತ್ತು ಅದು ಬಾಯಿ ತೆರೆದಿದ್ದದ್ದು ನನ್ನ ಸೀಟಿನ ಕಡೆಗೆ. ಮೊದಲು ಇಡೀ ದೋಣಿಗೆ ಹಂಚಿಹೋಗುತ್ತಿದ್ದ ಸದ್ದು ಈಗ ಕೊಳವೆಯಲ್ಲಿ ಬಂದಂತೆ ನೇರ ನನ್ನ ಎಡಗಿವಿಗೇ ಬಂತು.

ಅಂಬಮ್ಮನವರು ಶೇಂಗಾ ಮಾರಲು ದೋಣಿ ಹತ್ತಿದ ದಿನ ಮಾತ್ರ ಬೇರೆ. ಅವರು ಬುಟ್ಟಿ ಸಮೇತ ಮುಚ್ಚಳದ ಮೇಲೆ ಕುಳಿತರೆ ಫೋಮು ಅದುಮಿಕೊಂಡು ಸದ್ದು ಅಡಗುತ್ತದೆ. "ನಾ ಕುಂತ್ರ ಗೌರ್ಮೆಂಟಿನ ಬಾಯಿ ಬಂದ್ ಆಗ್ತೈತಿ ನೋಡ್ರಿ" ಎಂದು ಅವರು ಪ್ರವಾಸಿಗರಿಗೆ ಹೇಳಿಕೊಳ್ಳುತ್ತಾರೆ. ಇವರಿಗೆ ತಾವು ಮುಚ್ಚಳಾಧಿಕಾರಿ ಎಂಬ ಹುದ್ದೆ ಕೊಟ್ಟು, ತೂಕ ಇಳಿಯದಂತೆ ಮಧ್ಯಾಹ್ನದ ಊಟವನ್ನೂ ಮಂಜೂರು ಮಾಡಿದರೆ, ಉಪವಿಭಾಗದಲ್ಲಿ ಕುಳಿತಲ್ಲೇ ಕೆಲಸವಾಗುವ ಮೊದಲ ಹುದ್ದೆ ಅದಾದೀತು.

ಇಷ್ಟು ಹೊತ್ತು ನಗುತ್ತಾ ಬರೆದೆ. ಇನ್ನು ಒಂದು ಮಾತನ್ನು ನಗದೆ ಬರೆಯುತ್ತೇನೆ. ನನ್ನ ಮಗಳು ಭವ್ಯಾಳಿಗೆ ಆರು ವರ್ಷ. ಅವಳಿಗೆ ಗುಟ್ಟೆಂದರೆ ಪ್ರಾಣ, ಮತ್ತು ಗುಟ್ಟು ಹೇಳುವುದು ನನ್ನ ಎಡಗಿವಿಗೇ, ಏಕೆಂದರೆ ಊಟಕ್ಕೆ ಅವಳು ಕೂರುವುದು ನನ್ನ ಎಡಕ್ಕೆ. ಕಳೆದ ಕೆಲವು ತಿಂಗಳಿಂದ ಅವಳ ಉಸಿರು ಕಿವಿಗೆ ಬೆಚ್ಚಗೆ ತಗಲುತ್ತಿತ್ತೇ ಹೊರತು ಮಾತು ಒಳಗೆ ಬರುತ್ತಿರಲಿಲ್ಲ. ನಾನು ಅಂದಾಜಿನ ಮೇಲೆ ನಗುತ್ತಿದ್ದೆ. ಮಕ್ಕಳ ಗುಟ್ಟಿಗೆ ನಕ್ಕರೆ ಹೆಚ್ಚಾಗಿ ತಪ್ಪಾಗುವುದಿಲ್ಲ. ಹೋದ ವಾರ ಅವಳು ಹೇಳಿದ್ದು ತನ್ನ ಮೇಕೆಮರಿ ಸತ್ತುಹೋದ ಸುದ್ದಿ. ಅಂದೂ ನಾನು ನಕ್ಕೆ. ಅವಳು ಬಾಯಿಗೆ ಮರೆಮಾಡಿದ್ದ ಕೈ ತೆಗೆದು, ಎದ್ದು ಒಳಗೆ ಹೋದಳು. ಏನಾಯಿತೆಂದು ನನಗೆ ಹೇಳಿದವಳು ಹೆಂಡತಿ ಗಂಗಕ್ಕ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮರುದಿನ ರಾಯದುರ್ಗದ ಡಾಕ್ಟರರ ಬಳಿ ಹೋದೆ. ಕಿವಿಯಲ್ಲಿ ಉಳಿದಿರುವುದು ಉಳಿಯಬೇಕಾದರೆ ಸದ್ದು ಇಂದೇ ನಿಲ್ಲಬೇಕು, ಹೋದದ್ದು ಮಾತ್ರ ಬರುವುದಿಲ್ಲ ಎಂದರು. ಅಲ್ಲಿಂದ ನೇರ ಹನುಮಂತು ಮಾಸ್ಟರರ ಮನೆಗೆ ನಡೆದೆ. ಅವರು ತಮ್ಮ ದೊಡ್ಡ ಕತ್ತರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿ, ಐದೂ ತುಂಡುಗಳ ಅರ್ಧ ಇಂಚನ್ನು ಕತ್ತರಿಸಿಕೊಟ್ಟರು. ಕೂಲಿ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. ಅಪರಾಧ ನನ್ನದು, ಒಪ್ಪಿಕೊಂಡಿದ್ದೇನೆ. ಮುಚ್ಚಳ ಕೂತಿತು, ಗಿರಣಿ ನಿಂತಿತು, ಈಗ ದೋಣಿಯಲ್ಲಿ ನೀರು ಬದಿಗೆ ಬಡಿಯುವುದು ಎಲ್ಲರಿಗೂ ಕೇಳುತ್ತದೆಯಂತೆ.

ನನ್ನ ಎಡಗಿವಿಯಲ್ಲಿ ಮಾತ್ರ ಇಂಜಿನ್ನು ಇನ್ನೂ ಓಡುತ್ತಿದೆ. ದಡಕ್ಕೆ ಬಂದರೂ, ಮನೆಗೆ ಬಂದರೂ ನಿಲ್ಲುವುದಿಲ್ಲ, ಡೀಸೆಲ್ಲನ್ನೂ ಕೇಳುವುದಿಲ್ಲ. ಆದಕಾರಣ ತಾವು ದಯವಿಟ್ಟು ಖುದ್ದಾಗಿ ಬಂದು, ಲೈಫ್ ಜಾಕೆಟ್ ತೊಟ್ಟು, ನನ್ನ ತಲೆಯ ಒಳ ಅಳತೆಯನ್ನು ತೆಗೆದುಕೊಂಡು, ಪುಸ್ತಕಕ್ಕೆ ಏರಿಸಿ, ತಕ್ಕ ದಪ್ಪದ ಫೋಮು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಭವ್ಯಾ ಈಗ ಊಟಕ್ಕೆ ನನ್ನ ಬಲಕ್ಕೆ ಕೂರುತ್ತಾಳೆ. ಗುಟ್ಟನ್ನೂ ಹೇಳುತ್ತಾಳೆ, ಆದರೆ ಅರ್ಧದಲ್ಲಿ ನಿಲ್ಲಿಸಿ, ನನ್ನ ಮುಖ ನೋಡಿ, ಕೇಳಿಸಿತೆಂದು ಖಾತ್ರಿಯಾದ ಮೇಲೆ ಉಳಿದರ್ಧ ಹೇಳುತ್ತಾಳೆ.

ಬಲಗಿವಿಯ ಮಟ್ಟಿಗೆ ತಮ್ಮ ವಿಶ್ವಾಸಿ,
ಓಬುಲೇಶ್
ದೋಣಿ ಚಾಲಕ, ಕಣೇಕಲ್ಲು ಕೆರೆ

ಮರೆತ ಮಾತು: ಸರ್ಕಾರಿ ವಸ್ತು ಒಂದೆಳೆಯೂ ಕಳೆಯಬಾರದೆಂದು ಕತ್ತರಿಸಿದ ಅರ್ಧ ಇಂಚಿನ ಪಟ್ಟಿಗಳನ್ನೆಲ್ಲ ಈ ಪತ್ರದ ಜೊತೆ ಕಟ್ಟಿ ಕಳಿಸಿದ್ದೇನೆ, ಅಳತೆ ಪುಸ್ತಕಕ್ಕೆ ತಾಳೆ ನೋಡಿಕೊಳ್ಳಬಹುದು. ತಮ್ಮ ಕಿವಿಗೆ ಬೇಕಾದೀತೆಂದು ಕಳಿಸಿದ್ದಲ್ಲ. ತಮ್ಮಲ್ಲಿ ಆ ವ್ಯವಸ್ಥೆ ಮೊದಲಿನಿಂದಲೂ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ನನ್ನ ಮೂರು ಅರ್ಜಿಗಳೇ ಸಾಕ್ಷಿ.