ಅಟ್ಟಣಿಗೆಯ ಮೇಲೆ ಬೆಣ್ಣೆಮಾತು

ಐದನೇ ತಿರುವಿನಲ್ಲಿ ಕೋಲ್ಬಿ ರೆನ್‌ಶಾನ ಕಾರು ಡ್ವೇನ್ ಪ್ರಾಕ್ನೋನ ಕಾರಿನ ಹಿಂಭಾಗವನ್ನು ಮೆತ್ತಗೆ ಮುಟ್ಟಿ, ಪಕ್ಕದಿಂದ ಮುಂದೆ ಹೋಯಿತು. ಅಷ್ಟೇ. ಬಣ್ಣ ಕೂಡ ಹೋಗಲಿಲ್ಲ. ಸ್ಟಾಕ್ ಕಾರ್ ರೇಸಿನಲ್ಲಿ ಇಂಥದ್ದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಡ್ವೇನ್‌ನ ತಲೆ ಕೆಡುವುದಕ್ಕೆ ಇಷ್ಟೂ ಬೇಕಿರಲಿಲ್ಲ.

“ಭಾವಾ! ನೋಡಿದ್ಯಾ ಆ ಬಡ್ಡಿಮಗ ಮಾಡಿದ್ದನ್ನ?” ಎಂದು ಅವನ ದನಿ ಲೈಲ್ ಹೆಗ್‌ಸ್ಟ್ರಮ್‌ನ ಹೆಡ್‌ಸೆಟ್‌ನಲ್ಲಿ ಸಿಡಿಯಿತು. “ಹೇಳು ಅವನಿಗೆ! ಇನ್ನೊಂದ್ ಸಲ ಮುಟ್ಟಿದ್ರೆ ಕಾರ್ ಸಮೇತ ಎತ್ತಿ ಕಾಡಿಗೆ ಬಿಸಾಕ್ತೀನಿ ಅಂತ ಹೇಳು!”

ಹೇಳುವುದೇ ಲೈಲ್‌ನ ಕೆಲಸ. ಅವನು ಡ್ವೇನ್‌ನ ಸ್ಪಾಟರ್. ನಮ್ಮ ಲೂನ್ ಹ್ಯಾಲೋ ಟ್ರ್ಯಾಕು ಸುಮ್ಮನೆ ಎಡಕ್ಕೇ ಸುತ್ತುವ ದುಂಡು ಟ್ರ್ಯಾಕಲ್ಲ. ವಿಸ್ಕಾನ್ಸಿನ್‌ನ ಗುಡ್ಡ ಹತ್ತಿ ಇಳಿದು, ಎಡಕ್ಕೂ ಬಲಕ್ಕೂ ಹೊರಳಿ, ಓಕ್ ಕಾಡಿನೊಳಗೆ ನುಗ್ಗಿ ಹೊರಬರುವ ರಸ್ತೆ. ಡ್ರೈವರನನ್ನು ಸೀಟಿಗೆ ಬಿಗಿದು ಕಟ್ಟಿರುತ್ತಾರೆ, ಕತ್ತು ಹೊರಳುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ, ಮುಂದೆ ಯಾರು ಮಗುಚಿಕೊಂಡಿದ್ದಾರೆ ಎಂಬುದನ್ನೆಲ್ಲ ಎತ್ತರದ ಅಟ್ಟಣಿಗೆಯ ಮೇಲೆ ನಿಂತ ಸ್ಪಾಟರ್ ಅವನ ಕಿವಿಗೆ ಊದಬೇಕು. ಎಲ್ಲ ಕಾರುಗಳ ಸ್ಪಾಟರ್‌ಗಳೂ ಅದೇ ಅಟ್ಟಣಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಕೆಳಗೆ ಡ್ರೈವರುಗಳು ಹಲ್ಲು ಕಡಿಯುತ್ತಿದ್ದರೆ ಮೇಲೆ ಇವರು ಒಂದೇ ಪೊಟ್ಟಣದಿಂದ ಚೀಸ್ ತುಂಡು ಮೆಲ್ಲುತ್ತಿರುತ್ತಾರೆ. ಡ್ರೈವರುಗಳಿಗೆ ನೇರವಾಗಿ ಮಾತಾಡಿಕೊಳ್ಳುವ ದಾರಿಯಿಲ್ಲ. ಥ್ಯಾಂಕ್ಸ್ ಆಗಲಿ, ಬೈಗುಳವಾಗಲಿ, ಒಬ್ಬನ ಸ್ಪಾಟರ್ ಇನ್ನೊಬ್ಬನ ಸ್ಪಾಟರ್‌ಗೆ ಹೇಳಿ, ಅವನು ತನ್ನ ಡ್ರೈವರಿಗೆ ಹೇಳಬೇಕು.

ಇಂಥ ಕೆಲಸಕ್ಕೆ ಲೈಲ್ ಹೇಳಿ ಮಾಡಿಸಿದವನೇನೂ ಅಲ್ಲ. ವಾರವಿಡೀ ಹಾಲಿನ ಟ್ಯಾಂಕರ್ ಓಡಿಸುವ ಆಸಾಮಿ. ಹಸು ಅಡ್ಡ ಬಂದರೆ ಹಾರ್ನ್ ಹೊಡೆಯದೆ ಕಿಟಕಿ ಇಳಿಸಿ “ಸ್ವಲ್ಪ ದಾರಿ ಬಿಡಮ್ಮಾ” ಎನ್ನುವವನು. ಡ್ವೇನ್ ತನ್ನ ಹೆಂಡತಿಯ ತಮ್ಮ ಎಂಬ ಒಂದೇ ಕಾರಣಕ್ಕೆ ಈ ಹೆಡ್‌ಸೆಟ್ ಅವನ ತಲೆಗೆ ಬಿದ್ದಿತ್ತು.

ಆ ದಿನದ ಪಾಡು ಇನ್ನೂ ಬೇರೆ. ಡ್ವೇನ್‌ನ ಕಾರಿಗೆ ದುಡ್ಡು ಹಾಕುವವಳು ಫ್ರೀಡಾ ಊಲ್ಮನ್ ಎಂಬ ಮುದುಕಿ, ಸೇಬಿನ ಹೂರಣ ತುಂಬಿ ಬೇಯಿಸುವ ಆಪಲ್ ಪೈ ಕಂಪನಿಯ ಒಡತಿ. ಕಾರಿನ ಮೂತಿಯ ಮೇಲೆ ಹಬೆಯಾಡುವ ಪೈ ಚಿತ್ರ ಬರೆಸಿದ್ದಳು. ಡ್ವೇನ್ ಸಿಟ್ಟಿಗೆದ್ದು ಯಾರಿಗಾದರೂ ಗುದ್ದಿದಾಗಲೆಲ್ಲ ಮರುದಿನದ ಪತ್ರಿಕೆಯಲ್ಲಿ ಜಜ್ಜಿಹೋದ ಪೈ. “ಇನ್ನೊಂದು ಸಲ ನನ್ನ ಪೈ ಜಜ್ಜಿದ್ರೆ ಆ ಸೀಟಲ್ಲಿ ಬೇರೆ ಹುಡುಗ ಕೂರ್ತಾನೆ” ಎಂದು ಅವಳು ಖಡಾಖಂಡಿತ ಹೇಳಿಬಿಟ್ಟಿದ್ದಳು. ಇವತ್ತು ವರ್ಷದ ಕೊನೆಯ ರೇಸು.

ಬೆಳಿಗ್ಗೆ ಹೆಂಡತಿ ಅರ್ಲೀನ್ ಲೈಲ್‌ನ ಕಾಲರ್ ಸರಿಮಾಡುತ್ತ ಹೇಳಿದ್ದಳು: “ಇವತ್ತೊಂದಿನ ಅವನು ಯಾರಿಗೂ ಗುದ್ದದ ಹಾಗೆ ನೋಡ್ಕೊಳ್ರೀ. ಅವನ ಸೀಟ್ ಉಳಿದ್ರೆ ಸಾಕು, ಮುಂದಿನ ವರ್ಷ ಬೇರೆ ಸ್ಪಾಟರ್ ನೋಡ್ಕೊಳ್ತಾನೆ. ಆಮೇಲೆ ಭಾನುವಾರ ಪೂರ್ತಿ ನಿಮ್ದು, ನಿಮ್ಮ ದೋಣಿದು, ನಿಮ್ಮ ಮೀನಿಂದು. ನಾನು ಪಿಟಕ್ ಅನ್ನಲ್ಲ.”

ಭಾನುವಾರ ಎಂದರೆ ಏನೆಂಬುದನ್ನೇ ಲೈಲ್ ಮರೆತಿದ್ದ. ಆಸೆ ಹುಟ್ಟಿತು.

ಈಗ ಅವನು ಎಡಕ್ಕೆ ತಿರುಗಿದ. ರೆನ್‌ಶಾನ ಸ್ಪಾಟರ್ ಹೊರೇಸ್ ಟಿಬೆಟ್ಸ್ ಮೊಣಕೈ ತಾಗುವಷ್ಟು ಹತ್ತಿರದಲ್ಲೇ ನಿಂತಿದ್ದ. ಕ್ಯಾರೊಲೈನಾದ ವಯಸ್ಸಾದ ಮನುಷ್ಯ, ಅವಸರವೆಂಬುದು ಗೊತ್ತಿಲ್ಲದವನು.

“ಏನಂತೆ ನಿಮ್ಮೋನು?”

ಲೈಲ್ ಗಂಟಲು ಸರಿಮಾಡಿಕೊಂಡ. “ಅದೇ... ಐದನೇ ತಿರುವಲ್ಲಿ ರಸ್ತೆ ಜಾರುತ್ತಂತೆ. ನಿಮ್ಮ ಹುಡುಗ ಎಲ್ಲಿ ಕಾಡಿನ ಕಡೆ ಹೋಗ್ಬಿಡ್ತಾನೋ ಅಂತ ಇವನಿಗೆ ಯೋಚನೆ.”

“ಡ್ವೇನ್‌ಗೆ? ಯೋಚನೆ?” ಬಲಗಡೆಯಿಂದ ಮಾರ್ಲಾ ಕತ್ತು ತೂರಿಸಿದಳು. ಈ ವರ್ಷವಷ್ಟೇ ರೇಸಿಗಿಳಿದ ಒಬ್ಬ ಹುಡುಗಿಯ ಸ್ಪಾಟರ್ ಅವಳು. ತನ್ನ ಹುಡುಗಿ ಹಿಂದೆಲ್ಲೋ ತೆಪ್ಪಗೆ ಬರುತ್ತಿದ್ದುದರಿಂದ ಅಕ್ಕಪಕ್ಕದವರ ಮಾತಿಗೆ ಕಿವಿ ಕೊಡಲು ಅವಳಿಗೆ ಬೇಕಾದಷ್ಟು ಪುರಸೊತ್ತಿತ್ತು. “ಲೈಲ್, ಅವನು ಕಿರುಚಿದ್ದು ನನ್ನ ಕಿವಿಗೂ ಬಿತ್ತು ಮಾರಾಯ.”

“ನೀನು ಸುಮ್ನಿರಮ್ಮ ತಾಯಿ,” ಎಂದು ಲೈಲ್ ಕೈ ಮುಗಿದ.

ಹೊರೇಸ್ ಆ ಕಡೆ ಮುಖ ಮಾಡಿ ತನ್ನ ಡ್ರೈವರಿಗೆ ಅದೇನೋ ಗೊಣಗಿದ, ಉತ್ತರ ಕೇಳಿಸಿಕೊಂಡ, ಕೆಮ್ಮಿದ. ಆಮೇಲೆ ಲೈಲ್‌ನ ಕಡೆ ನೋಡದೆಯೇ, “ತುಂಬಾ ಥ್ಯಾಂಕ್ಸ್ ಅಂತೆ. ಮುಟ್ಟಿದ್ದಕ್ಕೆ ಬೇಜಾರ್ ಮಾಡ್ಕೋಬಾರ್ದಂತೆ,” ಎಂದ.

ಲೈಲ್‌ಗೆ ನಂಬಲಾಗಲಿಲ್ಲ. ರೆನ್‌ಶಾ ಎಂದರೆ ಟ್ರೋಫಿ ಕೊಟ್ಟವರಿಗೂ ಗುರ್ ಎನ್ನುವ ಪ್ರಾಣಿ. ಆದರೂ ಬಂದ ಭಾಗ್ಯವನ್ನು ಬಿಡುವುದುಂಟೇ? ರೇಡಿಯೋ ಗುಂಡಿ ಒತ್ತಿದ. “ಡ್ವೇನ್, ರೆನ್‌ಶಾ ಕ್ಷಮೆ ಕೇಳ್ದ ಕಣೋ.”

“ಯಾವ ರೆನ್‌ಶಾ?”

“ಇವನೇ. ನಿನ್ನ ಮುಂದೆ ಹೋಗ್ತಿರೋನು.”

“ಸುಳ್ಳು,” ಎಂದ ಡ್ವೇನ್. ಆದರೆ ದನಿ ಸ್ವಲ್ಪ ಇಳಿದಿತ್ತು.

ಈ ಸುಖ ಎರಡು ಸುತ್ತು ಕೂಡ ಬಾಳಲಿಲ್ಲ. ಗುಡ್ಡದ ಏರಿನಲ್ಲಿ ಡ್ವೇನ್ ಎಡಕ್ಕೆ ನುಗ್ಗಿದರೆ ರೆನ್‌ಶಾ ಎಡಕ್ಕೆ ಬಂದ, ಬಲಕ್ಕೆ ನುಗ್ಗಿದರೆ ಬಲಕ್ಕೆ ಬಂದ. ಹೆಡ್‌ಸೆಟ್ ಮತ್ತೆ ಸಿಡಿಯಿತು. “ಭಾವಾ, ಈ ರಸ್ತೆ ಅವರಪ್ಪಂದಾ? ಕೇಳು! ಈಗ್ಲೇ ಕೇಳು! ಇಲ್ದಿದ್ರೆ ನಾನೇ ಗುದ್ದಿ ಕೇಳ್ತೀನಿ!”

ಲೈಲ್‌ನ ಕಣ್ಣ ಮುಂದೆ ಜಜ್ಜಿದ ಪೈ ತೇಲಿಬಂತು. ಅವನು ಹೊರೇಸ್‌ನ ತೋಳು ಮುಟ್ಟಿದ. “ಅವರ ತಂದೆ ಹೇಗಿದಾರೆ ಅಂತ ಕೇಳ್ತಿದಾನೆ.”

“ಯಾರ ತಂದೆ?”

“ನಿಮ್ಮ ಹುಡುಗನ ತಂದೆ. ಆರೋಗ್ಯ ಹೇಗಿದೆ ಅಂತ.”

ಮಾರ್ಲಾ ಬಾಯಲ್ಲಿದ್ದ ಚೀಸನ್ನು ಉಗುಳದಿರಲು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಹೊರೇಸ್ ಮಾತ್ರ ಗಂಭೀರ. “ಚೆನ್ನಾಗಿದಾರೆ ಅನ್ನಪ್ಪ. ಮೊನ್ನೆ ತಾತ ಬೇರೆ ಆದ್ರು. ಕೋಲ್ಬಿಗೆ ಹೆಣ್ಣು ಮಗು ಆಗಿದೆ, ಇನ್ನೂ ವಾರ ತುಂಬಿಲ್ಲ. ನಿಮ್ಮ ಮನೇಲೆಲ್ಲ ಹೇಗೆ?”

“ಅತ್ತೆಗೆ ಮಂಡಿ ಆಪರೇಷನ್ ಆಯ್ತು. ಮೆಟ್ಲು ಹತ್ತೋಕಾಗಲ್ಲ ಪಾಪ.”

ಹೊರೇಸ್ ಮತ್ತೆ ಆ ಕಡೆ ತಿರುಗಿ ಗೊಣಗಿದ, ಬಹಳ ಹೊತ್ತು ಕೇಳಿಸಿಕೊಂಡ. ಅವನ ಕಿವಿ ಯಾಕೋ ಕೆಂಪಾಗಿತ್ತು. “ಡ್ವೇನ್‌ನ ತಾಯಿ ಮಂಡಿ ಈಗ ಹೇಗಿದೆ ಅಂತ ಕೋಲ್ಬಿ ವಿಚಾರಿಸ್ದ,” ಎಂದ ಕೊನೆಗೆ.

ಲೈಲ್ ಅದನ್ನೂ ಮಗುವಿನ ಸುದ್ದಿಯನ್ನೂ ಒಂದಕ್ಷರ ಬಿಡದೆ ಡ್ವೇನ್‌ಗೆ ದಾಟಿಸಿದ. ಏರು ಮುಗಿದು ಇಳಿಜಾರು ಬಂತು, ಇಳಿಜಾರು ಮುಗಿದು ಕಾಡು ಬಂತು. ರೇಡಿಯೋ ಕೆಟ್ಟಿತೋ ಏನೋ ಎಂದು ಲೈಲ್ ಅದನ್ನು ತಟ್ಟಿ ನೋಡಿದ.

“ಭಾವ,” ಎಂದಿತು ಕೊನೆಗೆ ಒಂದು ದನಿ. ಡ್ವೇನ್‌ನದೇ, ಆದರೆ ಒದ್ದೆಯಾಗಿತ್ತು. “ಇಷ್ಟು ವರ್ಷದಲ್ಲಿ ಈ ಟ್ರ್ಯಾಕಿನ ಮೇಲೆ ಒಬ್ರೂ ಅಮ್ಮನ ಬಗ್ಗೆ ಕೇಳಿರ್ಲಿಲ್ಲ ಕಣೋ. ನಾನು ಅವನನ್ನ ಏನೇನೋ ಅಂದ್ಕೊಂಡಿದ್ದೆ. ಅವನ ಮಗೂಗೆ ನನ್ನ ಆಶೀರ್ವಾದ ತಿಳಿಸು.”

ಲೈಲ್‌ಗೆ ಕಾಲು ನೆಲಕ್ಕೆ ತಾಗುತ್ತಿಲ್ಲ ಎನ್ನಿಸಿತು. ಇದಾದ ಮೇಲೆ ಸಂದೇಶಗಳು ಹೋದವು ಬಂದವು, ಬಂದವು ಹೋದವು. ಮಗುವಿಗೆ ಏನು ಹೆಸರು? ಬಾಣಂತಿ ಊಟ ಮಾಡುತ್ತಾಳೋ ಇಲ್ಲವೋ? ಮಂಡಿಗೆ ಬಿಸಿ ಶಾಖ ಒಳ್ಳೆಯದೋ, ಐಸೋ? ಟೈರ್ ಬದಲಿಸಿ ಹೊರಬರುವಾಗ ಡ್ವೇನ್ ಕೈಯಾಡಿಸಿ ರೆನ್‌ಶಾನಿಗೆ ದಾರಿ ಬಿಟ್ಟ. ಅಟ್ಟಣಿಗೆಯ ಮೇಲಿದ್ದವರೆಲ್ಲ ಕಣ್ಣುಜ್ಜಿಕೊಂಡು ನೋಡಿದರು. ಗೆರೆ ಕೂಡ ಬೀಳದ ಪೈ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಅಷ್ಟರಲ್ಲಿ ನಡೆಯಬಾರದ್ದು ನಡೆಯಿತು. ಎಲ್ಲರಿಗಿಂತ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ಜಾಗ ಬಿಡದೆ, ಒಂದನೇ ತಿರುವಿನಲ್ಲಿ ಸಿಟ್ಟಿನಲ್ಲೇ ಗುದ್ದಾಡಿಕೊಂಡು ಜಲ್ಲಿಯಲ್ಲಿ ಹೂತುಹೋದರು. ಲೈಲ್ ಬೆರಳು ಮಡಿಸಿ ಲೆಕ್ಕ ಹಾಕಿ ನೋಡಿದ. ಈಗ ರೆನ್‌ಶಾ ಮೊದಲನೆಯವನು, ಡ್ವೇನ್ ಎರಡನೆಯವನು. ಹಿಂದೆ ಸ್ವಲ್ಪ ದೂರದಲ್ಲಿ, ತೆಪ್ಪಗೆ ಒಬ್ಬೊಬ್ಬರನ್ನೇ ದಾಟಿ ಬಂದ ಮಾರ್ಲಾಳ ಹುಡುಗಿ. ಉಳಿದಿರುವುದು ಒಂದೇ ಸುತ್ತು.

ಡ್ವೇನ್ ತನ್ನ ಜೀವಮಾನದಲ್ಲಿ ಎರಡನೆಯವನಾಗಿಯೂ ಬಂದವನಲ್ಲ. ಗೆಲ್ಲುವುದಂತೂ ದೂರದ ಮಾತು. ಸೀಟು ಉಳಿಯುವುದಿರಲಿ, ಗೆದ್ದೇಬಿಟ್ಟರೆ? ಫ್ರೀಡಾ ಊಲ್ಮನ್ ಡ್ವೇನ್‌ನ ಹಣೆಗೆ ಮುತ್ತು ಕೊಟ್ಟಾಳು, ಅರ್ಲೀನ್ ದೋಣಿಗೆ ಹೊಸ ಎಂಜಿನ್ನನ್ನೇ ಕೊಡಿಸಿಯಾಳು!

ಎರಡೂ ಕಾರುಗಳು ಕಾಡಿನೊಳಗೆ ಹೊಕ್ಕವು. ಅಲ್ಲಿ ಏನು ನಡೆಯುತ್ತದೆ ಎಂಬುದು ಅಟ್ಟಣಿಗೆಗೆ ಕಾಣದು. ಸ್ಪಾಟರ್‌ಗಳೆಲ್ಲ ಮರಗಳನ್ನೇ ನೋಡುತ್ತ ನಿಂತರು.

ಕಾರುಗಳು ಹೊರಬಂದವು. ಅಕ್ಕಪಕ್ಕ, ಜೋಡಿಯಾಗಿ. ಆದರೆ ವೇಗವಿಲ್ಲ. ಇಬ್ಬರೂ ಮದುವೆ ಮೆರವಣಿಗೆಗೆ ಹೊರಟವರಂತೆ ನಿಧಾನವಾಗುತ್ತಿದ್ದರು.

“ಡ್ವೇನ್! ಏನಾಯ್ತೋ? ಎಂಜಿನ್ ಹೋಯ್ತಾ?”

“ಎಂಜಿನ್ ಚೆನ್ನಾಗೇ ಇದೆ. ಭಾವ, ಅವನಿಗೆ ಹೇಳು, ಮೊದ್ಲು ಅವನೇ ಹೋಗ್ಲಿ. ಹೆಣ್ಣುಮಗು ಹುಟ್ಟಿದ ಮನೆ. ಬರಿಗೈಲಿ ಹೋಗ್ಬಾರ್ದು ಅವನು.”

ಅದೇ ಹೊತ್ತಿಗೆ ಹೊರೇಸ್ ಲೈಲ್‌ನ ಅಂಗಿ ಹಿಡಿದು ಜಗ್ಗಿದ. ಮುಖ ಬಿಳಿಚಿತ್ತು. “ಲೈಲ್, ನಮ್ಮೋನು ಡ್ವೇನ್‌ನೇ ಹೋಗ್ಲಿ ಅಂತಿದಾನೆ! ಆ ತಾಯಿ ನೋವು ತಿಂದಿದಾಳೆ, ಕಪ್ ಅವಳಿಗೆ ಸೇರ್ಲಿ ಅಂತ! ಹೋಗೋಕ್ ಹೇಳೋ!”

ಈಗ ಇಬ್ಬರೂ ಡ್ರೈವರುಗಳ ಬಾಯಲ್ಲಿ ತಿದ್ದಬೇಕಾದ ಮಾತೇ ಇರಲಿಲ್ಲ. ಇಡೀ ದಿನದಲ್ಲಿ ಇದೇ ಮೊದಲ ಸಲ ಲೈಲ್‌ಗೆ ಒಂದು ಕೆಟ್ಟ ಮಾತು ಬೇಕಾಗಿತ್ತು.

“ಡ್ವೇನ್, ಒತ್ತು ಗ್ಯಾಸು!” ಎಂದು ಅವನು ಗಂಟಲು ಹರಿಯುವಂತೆ ಕೂಗಿದ. “ಅವನು ನಿನ್ನ ಬೈತಿದಾನೆ ಕಣೋ! ಹೇಡಿ ಅಂದ! ಕತ್ತೆ ಅಂದ! ನಿನ್ನ ಪೈ ಹಳಸಿದೆ ಅಂದ!”

“ಅವನು ಹಾಗೆಲ್ಲ ಅನ್ನೋನಲ್ಲ ಭಾವ,” ಎಂದ ಡ್ವೇನ್ ಶಾಂತವಾಗಿ. “ನನಗೆ ಗೊತ್ತು ಅವನು ಎಂಥೋನು ಅಂತ. ನಿನಗೆ ಯಾಕೆ ಅವನ ಮೇಲೆ ಇಷ್ಟು ಹೊಟ್ಟೆಕಿಚ್ಚು?”

ಕೊನೆಯ ತಿರುವಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕೈ ಬೀಸಿ ದಾರಿ ತೋರಿಸುತ್ತಿದ್ದಾಗ, ಹೊರಗಿನ ಅಂಚಿನಿಂದ ಮಾರ್ಲಾಳ ಹುಡುಗಿ ಸುಂಯ್ ಎಂದು ಬಂದು, ಇಬ್ಬರನ್ನೂ ದಾಟಿ, ಗೆರೆಯ ಮೇಲೆ ಹಾದುಹೋದಳು. ರೇಸು ಮುಗಿಯಿತೆಂದು ಚೌಕಳಿ ಬಾವುಟ ಹಾರಿತು. ಮಾರ್ಲಾ ಲೈಲ್‌ನನ್ನು ತಬ್ಬಿಕೊಂಡು ಕುಣಿದಳು. “ನಿನ್ನ ಬಾಯಿಗೆ ಸಕ್ಕರೆ ಹಾಕ! ಇನ್ಮೇಲೆ ಪ್ರತಿ ರೇಸಲ್ಲೂ ನಿನ್ನ ಪಕ್ಕನೇ ನಿಲ್ತೀನಿ!”

ಅವಳು ಮೆಟ್ಟಿಲು ಹಾರಿಕೊಂಡು ಇಳಿದುಹೋದಳು. ಅಟ್ಟಣಿಗೆಯ ಮೇಲೆ ಉಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ತಪ್ಪಾಯ್ತು ಹೊರೇಸ್,” ಎಂದ ಲೈಲ್. ಮುಖ ಬಾಡಿತ್ತು. “ನಮ್ಮೋನು ಮೊದಲು ಹೇಳಿದ್ದು ಬೇರೆ. ನಿಮ್ಮ ಹುಡುಗನನ್ನ ಕಾಡಿಗೆ ಬಿಸಾಕ್ತೀನಿ ಅಂದಿದ್ದ.”

ಹೊರೇಸ್ ನಿಟ್ಟುಸಿರು ಬಿಟ್ಟ. “ಮತ್ತೆ ನಮ್ಮೋನು ಥ್ಯಾಂಕ್ಸ್ ಅಂದಿದ್ದ ಅಂದ್ಕೊಂಡ್ಯಾ? ಅವನು ಅಂದದ್ದನ್ನ ಈ ವಯಸ್ಸಲ್ಲಿ ನನ್ನ ಬಾಯಲ್ಲಿ ಹೇಳೋಕಾಗಲ್ಲ. ಅವನೂ ಇನ್ನೊಂದ್ ಸಲ ಗುದ್ದಿದ್ರೆ ಮನೆಗೇ ಅಂತ ಯಜಮಾನ್ರು ಹೇಳಿದ್ರು, ತಮ್ಮಾ.”

ಮೊದಲು ಹೊರೇಸ್‌ನ ಹೊಟ್ಟೆ ಕುಲುಕಿತು, ಆಮೇಲೆ ಲೈಲ್‌ನದು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೋಗಲಿ, ಕಪ್ ಹೋದರೂ ಪೈ ಉಳಿಯಿತಲ್ಲ! ಲೈಲ್ ಹಗುರಾದ ಮನಸ್ಸಿನಿಂದ ಕೆಳಗಿಳಿದ.

ಡ್ವೇನ್‌ನ ಕಾರಿನ ಬಳಿ ಫ್ರೀಡಾ ಊಲ್ಮನ್ ಪೈ ಚಿತ್ರವನ್ನು ಕರವಸ್ತ್ರದಿಂದ ಒರೆಸುತ್ತಿದ್ದಳು. ಪಕ್ಕದಲ್ಲಿ ಡ್ವೇನ್ ಮತ್ತು ರೆನ್‌ಶಾ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದರು.

“ಬಾ ಲೈಲ್,” ಎಂದಳು ಮುದುಕಿ. “ಇಷ್ಟು ಮರ್ಯಾದಸ್ಥ ಹುಡುಗ್ರನ್ನ ನಾನು ಕಾರಿನೊಳಗೆ ಕಂಡಿದ್ದೇ ಇಲ್ಲ. ಡ್ವೇನ್‌ನ ಸೀಟು ಭದ್ರ. ಇಷ್ಟೇ ಅಲ್ಲ, ಮುಂದಿನ ವರ್ಷ ನಂದು ಎರಡು ಕಾರು. ಒಂದರ ಮೇಲೆ ಆಪಲ್ ಪೈ, ಇನ್ನೊಂದರ ಮೇಲೆ ಚೆರ್ರಿ ಪೈ. ಚೆರ್ರಿಗೆ ಕೋಲ್ಬಿ. ಅವನ ಯಜಮಾನ್ರೂ ಬಿಡೋಕೆ ಒಪ್ಪಿದಾರೆ.”

“ಒಳ್ಳೇದಾಯ್ತಮ್ಮ,” ಎಂದ ಲೈಲ್ ಮನಸಾರೆ.

“ಹುಡುಗ್ರಿಬ್ರೂ ಒಂದೇ ಒಂದು ಕೇಳಿದ್ರು. ಅಟ್ಟಣಿಗೆ ಮೇಲೆ ಇಬ್ರಿಗೂ ನೀನೇ ಇರ್ಬೇಕಂತೆ. ನಾನು ಆಗ್ಲಿ ಅಂದೆ. ಅರ್ಲೀನ್‌ಗೂ ಫೋನ್ ಮಾಡಿ ಹೇಳಿದೆ. ಪಾಪ, ಖುಷಿಗೆ ಅತ್ತೇಬಿಟ್ಳು.”

ಲೈಲ್ ಗಾಬರಿಯಿಂದ, ತನ್ನ ಹಿಂದೆಯೇ ಇಳಿದುಬಂದಿದ್ದ ಹೊರೇಸ್‌ನ ಕಡೆ ನೋಡಿದ. “ಚೆರ್ರಿ ಕಾರಿಗೆ ಹೊರೇಸ್ ಇದಾರಲ್ಲಮ್ಮ!”

“ನನಗೆ ವಯಸ್ಸಾಯ್ತು ತಾಯಿ, ಇವತ್ತಿಗೆ ನಿವೃತ್ತಿ,” ಎಂದು ಹೊರೇಸ್ ಆಗಲೇ ಹೆಡ್‌ಸೆಟ್ ಬಿಚ್ಚಿ ಲೈಲ್‌ನ ಕೈಗಿಟ್ಟು, ಆ ವಯಸ್ಸಿಗೆ ಒಪ್ಪದ ಚುರುಕಿನಿಂದ ಕಾರು ನಿಲ್ಲಿಸಿದ್ದ ಕಡೆ ನಡೆದುಬಿಟ್ಟ.

ಆಗ ರೆನ್‌ಶಾ ನಗುನಗುತ್ತಲೇ ಡ್ವೇನ್‌ನ ಬೆನ್ನು ಗುದ್ದಿ ಕೇಳಿದ. “ಅಲ್ವೋ ಪೆದ್ದುಮುಂಡೇದೆ, ನಾನು ಅಷ್ಟು ದಾರಿ ಬಿಟ್ಟೆ, ನೀನು ಬ್ರೇಕ್ ಯಾಕೋ ಹಾಕ್ದೆ? ತಲೇಲಿ ಏನ್ ತುಂಬಿದೆ ನಿಂಗೆ?”

ಡ್ವೇನ್‌ನ ಕೈ ಅವನ ಹೆಗಲಿನಿಂದ ಜಾರಿತು. ಮುಖ ಕೆಂಪಡರಿತು. “ಏನಂದೆ? ಭಾವಾ, ಏನಂದ ಇವನು?”

ಫ್ರೀಡಾ ಊಲ್ಮನ್‌ಳ ಕರವಸ್ತ್ರ ಅಲ್ಲೇ ನಿಂತಿತು.

ಲೈಲ್ ಒಂದೇ ಹೆಜ್ಜೆಗೆ ಇಬ್ಬರ ನಡುವೆ ನುಗ್ಗಿ ನಿಂತ. “ಏನಿಲ್ಲ ಕಣೋ,” ಎಂದ, “ನಿನ್ನ ಬ್ರೇಕ್ ಎಷ್ಟು ಚೆನ್ನಾಗಿ ಹಿಡಿಯುತ್ತೆ, ಯಾವ ಕಂಪನೀದು ಅಂತ ಕೇಳ್ತಿದಾನೆ.”